ಹಸಿರೆಲ್ಲ ಮೇವಲ್ಲ: ಚಳ್ಳಕೆರೆಯ ಹುಲ್ಲುನೆಲವನ್ನು ನಾಲ್ಕು ಬಗೆಯಲ್ಲಿ ಅಳೆದು ನೋಡಿದಾಗ

ಚಳ್ಳಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಬಿತ್ತನೆಗೆ ಒಗ್ಗದ ಹದಿನಾಲ್ಕು ಎಕರೆ ಗರಸು ಭೂಮಿಯನ್ನು ನಾವು ಕುರಿಗಳಿಗೆಂದೇ ಬೀಳು ಬಿಟ್ಟಿದ್ದೇವೆ. ಅರವತ್ತು ಕುರಿಗಳ ಮಂದೆ ಮಳೆಗಾಲದ ಕೊನೆಯ ಹುಲ್ಲನ್ನು ಇಲ್ಲಿ ಮೇಯ್ದು, ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ದಾವಣಗೆರೆ ಕಡೆಯ ಭದ್ರಾ ಅಚ್ಚುಕಟ್ಟಿಗೆ ವಲಸೆ ಹೊರಡುತ್ತದೆ. ಬೇಗ ಹೊರಟರೆ ಅಲ್ಲಿಯ ಗದ್ದೆಗಳು ಇನ್ನೂ ತೆರವಾಗಿರುವುದಿಲ್ಲ. ತಡವಾದರೆ ಇಲ್ಲಿಯ ಹುಲ್ಲು ಬುಡದವರೆಗೆ ಸವೆದು, ಮುಂದಿನ ವರ್ಷ ಆ ಜಾಗದಲ್ಲಿ ಕಸವೇ ಮೇಲೇಳುತ್ತದೆ. ಹೊರಡುವ ದಿನವನ್ನು ಅಂದಾಜಿನ ಬದಲು ಅಳತೆಯಿಂದ ಗೊತ್ತುಮಾಡಬೇಕೆಂಬ ಆಸೆಯಿಂದ ಎರಡು ವರ್ಷ ಉಪಗ್ರಹ ಚಿತ್ರ, ಡ್ರೋನ್, ಮಣ್ಣಿನ ತೇವದ ಸೆನ್ಸರ್ ಮತ್ತು ತಟ್ಟೆಮಾಪಕಗಳನ್ನು ಇದೇ ನೆಲದ ಮೇಲೆ ಪ್ರಯೋಗಿಸಿದೆ.

ಹೋಲಿಕೆಗೆ ಒಂದು ಪ್ರಮಾಣ ಬೇಕಿತ್ತು. ಅರ್ಧ ಮೀಟರ್ ಉದ್ದಗಲದ ಕಬ್ಬಿಣದ ಚೌಕಟ್ಟನ್ನು ಇಪ್ಪತ್ತು ಕಡೆ ಇರಿಸಿ, ಒಳಗಿನ ಹುಲ್ಲನ್ನು ಎರಡು ಬೆರಳು ಬುಡ ಬಿಟ್ಟು ಕುಯ್ದು, ಚೆನ್ನಾಗಿ ಒಣಗಿಸಿ ತೂಗಿದೆ. ಈ ಚೌಕಟ್ಟಿನಲ್ಲಿ ದೊರೆತ ಒಂದು ಗ್ರಾಂ ಒಣಹುಲ್ಲು ಎಂದರೆ ಎಕರೆಗೆ ಸುಮಾರು 16 ಕಿಲೋ. ನನಗೆ ಸರಾಸರಿ 40 ಗ್ರಾಂ ದೊರೆಯಿತು, ಅಂದರೆ ಎಕರೆಗೆ 640 ಕಿಲೋ. ಅರ್ಧವನ್ನು ನೆಲಕ್ಕೇ ಬಿಟ್ಟು, ಮೂವತ್ತು ಕಿಲೋ ತೂಗುವ ಕುರಿಗೆ ದಿನಕ್ಕೆ ಸುಮಾರು ಒಂದು ಕಿಲೋ ಒಣಮೇವು ಎಂದು ಹಿಡಿದರೆ, ನಮ್ಮ ಮಂದೆಗೆ ಎಪ್ಪತ್ತೈದು ದಿನಗಳ ಮೇವು. ಉಳಿದ ನಾಲ್ಕನ್ನೂ ಈ ತೂಕಕ್ಕೆ ಒರೆಹಚ್ಚಿದೆ.

ಮೊದಲ ಆಕರ್ಷಣೆ ಉಪಗ್ರಹದ್ದೇ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತ. ಜೋಡಿಯಾಗಿ ಅವು ಐದು ದಿನಕ್ಕೊಮ್ಮೆ ನಮ್ಮ ನೆಲವನ್ನು ನೋಡುತ್ತವೆ. ಚಿತ್ರದ ಒಂದು ಚುಕ್ಕೆ ಹತ್ತು ಮೀಟರ್ ಉದ್ದಗಲದ್ದು, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಹದಿನಾಲ್ಕು ಎಕರೆಯನ್ನು ಗುಂಟೆ ಗುಂಟೆಯಾಗಿ ಮನೆಯಲ್ಲೇ ಕುಳಿತು ನೋಡಬಹುದೆಂಬುದು ನನಗೆ ಇಂದಿಗೂ ಸಂಭ್ರಮದ ಸಂಗತಿ. ಹಸಿ ಎಲೆ ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದಾಗ ಬರುವುದೇ ಎನ್‌ಡಿವಿಐ ಎಂಬ ಹಸಿರಿನ ಅಂಕ. ಅಕ್ಟೋಬರಿನಲ್ಲಿ ನಮ್ಮ ಪಡುವಣ ಅಂಚು 0.45 ತೋರಿಸಿತು, ಮೂಡಣ ಇಳಿಜಾರು 0.32. ಅಂಕವನ್ನು ನಂಬಿ ಮಂದೆಯನ್ನು ಪಡುವಣಕ್ಕೆ ಹೊಡೆದಿದ್ದರೆ ಕುರಿಗಳು ಹಸಿದೇ ಮರಳುತ್ತಿದ್ದವು. ಕುಯ್ದು ತೂಗಿದಾಗ ಮೂಡಣದಲ್ಲಿ ಪಡುವಣದ ಎರಡರಷ್ಟಕ್ಕಿಂತ ಹೆಚ್ಚು ಮೇವಿತ್ತು, ಏಕೆಂದರೆ ಪಡುವಣದ ಹಸಿರಲ್ಲಿ ಬಹುಪಾಲು ಕುರಿ ಮೂಸಿಯೂ ನೋಡದ ತಂಗಡಿ ಮತ್ತು ಬಂದರಿಕೆಯ ಪೊದೆಗಳದ್ದು. ಡಿಸೆಂಬರಿನಲ್ಲಿ ಇದಕ್ಕೆ ತಿರುಗುಮುರುಗಾದ ತಪ್ಪು ಎದುರಾಯಿತು. ಹುಲ್ಲು ಮಾಗಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಮೂಡಣದ ಅಂಕ 0.2ರ ಆಸುಪಾಸಿಗೆ ಕುಸಿಯಿತು. ಆದರೆ ನೆಲದ ಮೇಲೆ ನಿಂತ ಒಣಹುಲ್ಲು ಇನ್ನೂ ಮೂರು ವಾರಕ್ಕೆ ಸಾಲುವಷ್ಟಿತ್ತು. ಜುಲೈ, ಆಗಸ್ಟ್ ತಿಂಗಳುಗಳ ತೊಡಕು ಬೇರೆಯದೇ: ನಮ್ಮ ಸೀಮೆಯ ಮೇಲೆ ಮುಂಗಾರಿನ ಮೋಡಗಳು ಸುರಿಯದೆ ಹಾದುಹೋಗುತ್ತಲೇ ಇರುವುದರಿಂದ, ಮಳೆಯೂ ಇಲ್ಲ, ಚಿತ್ರವೂ ಇಲ್ಲ ಎಂಬ ವಾರಗಳೇ ಹೆಚ್ಚು. ಹಾಗೆಂದು ಉಪಗ್ರಹವನ್ನು ನಾನು ಕೈಬಿಟ್ಟಿಲ್ಲ. ಒಂದೇ ತುಂಡಿನ ಅಂಕವನ್ನು ಹಿಂದಿನ ವರ್ಷಗಳ ಅದೇ ವಾರದ ಅಂಕದೊಡನೆ ಇಟ್ಟು ನೋಡಿದರೆ, ಈ ಸಲ ಚಿಗುರು ಎಷ್ಟು ಹಿಂದೆ ಬಿದ್ದಿದೆ ಎಂಬುದನ್ನು ಅದು ಬೇರೆಲ್ಲ ಉಪಕರಣಗಳಿಗಿಂತ ಮೊದಲೇ ಹೇಳುತ್ತದೆ.

ಡ್ರೋನನ್ನು ಬಾಡಿಗೆಗೆ ತರಿಸಿದ್ದೆ; ಒಂದು ದಿನದ ಖರ್ಚು ಟಗರುಮರಿಯೊಂದರ ಬೆಲೆಯ ಹತ್ತಿರಕ್ಕೆ ಬಂದಿತು. ಅರವತ್ತು ಮೀಟರ್ ಎತ್ತರದಿಂದ ತೆಗೆದ ಚಿತ್ರದಲ್ಲಿ ಒಂದು ಚುಕ್ಕೆ ಸುಮಾರು ಎರಡು ಸೆಂಟಿಮೀಟರ್ ಆದ್ದರಿಂದ, ನಮ್ಮ ತಂದೆಯವರು ಪರದೆಯ ಮುಂದೆ ಕುಳಿತು ಇದು ತಂಗಡಿ, ಇದು ಜಾಲಿ, ಇದು ಕರಡ ಎಂದು ಬೆರಳಿಟ್ಟು ಹೆಸರಿಸಿದರು. ಪೊದೆಗಳು ಆವರಿಸಿದ ಗುಂಟೆಗಳನ್ನು ಹೀಗೆ ಗುರುತಿಸಿ ಉಪಗ್ರಹದ ಲೆಕ್ಕದಿಂದ ತೆಗೆದುಹಾಕಿದ ಮೇಲೆ, ಅಲ್ಲಿಯವರೆಗೆ ದಿಕ್ಕುತಪ್ಪಿಸುತ್ತಿದ್ದ ಎನ್‌ಡಿವಿಐ ತೂಕಕ್ಕೆ ಬಹುಮಟ್ಟಿಗೆ ಹೊಂದಿಕೊಂಡಿತು. ಆದರೆ ಮೇಲಿನಿಂದ ತೆಗೆದ ಬಣ್ಣದ ಚಿತ್ರಕ್ಕೆ ಹುಲ್ಲಿನ ಎತ್ತರ ಸುಲಭವಾಗಿ ಸಿಗುವುದಿಲ್ಲ, ಆಷಾಢದ ಗಾಳಿಯಲ್ಲಿ ಹಗುರವಾದ ಡ್ರೋನ್ ನಿಲ್ಲುವುದೂ ಇಲ್ಲ. ಬೆಟ್ಟದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟಿರುವ ಜಿಲ್ಲೆ ಇದು. ಡ್ರೋನಿನ ಸದ್ದಿಗೆ ಕುರಿಗಳು ಬೆದರಿ ಒಂದೆಡೆ ಗುಂಪುಗೂಡುವುದರಿಂದ ಮಂದೆ ರೊಪ್ಪದಲ್ಲಿರುವಾಗಲೇ ಹಾರಿಸಬೇಕು. ಪೊದೆಗಳು ತಿಂಗಳಿಗೊಮ್ಮೆ ಬದಲಾಗುವುದಿಲ್ಲವಾದ್ದರಿಂದ ವರ್ಷಕ್ಕೊಂದು ಹಾರಾಟ ಸಾಕು.

ತೇವದ ಸೆನ್ಸರುಗಳಲ್ಲಿ ವಿದ್ಯುತ್ ರೋಧವನ್ನು ಅಳೆಯುವ ಅಗ್ಗದ ಬಗೆಯ ಕಡ್ಡಿಗಳು ಒಂದೇ ಮಳೆಗಾಲದಲ್ಲಿ ಸವೆದುಹೋದವು. ಮಣ್ಣು ವಿದ್ಯುತ್ತನ್ನು ಎಷ್ಟು ಹಿಡಿದಿಡುತ್ತದೆ ಎಂಬುದರಿಂದ ತೇವ ತಿಳಿಯುವ ಧಾರಕ (ಕೆಪಾಸಿಟರ್) ಬಗೆಯದು ಬಾಳಿತಾದರೂ, ಗರಸಿನಲ್ಲಿ ಕಡ್ಡಿಯ ಸುತ್ತ ಗಾಳಿ ಉಳಿದು ತೇವವನ್ನು ಕಡಿಮೆ ತೋರಿಸಿತು. ಜರಡಿ ಹಿಡಿದ ನುಣ್ಣನೆಯ ಮಣ್ಣನ್ನು ಸುತ್ತ ಅದುಮಿದ ಮೇಲೆ ಸರಿಹೋಯಿತು. ಚಿಗುರು ಬರುವುದೋ ಇಲ್ಲವೋ ಎಂಬುದಕ್ಕೆ ಅದು ಉತ್ತರ ಕೊಡಬಲ್ಲದು, ಮೇವೆಷ್ಟು ಎಂಬುದಕ್ಕಲ್ಲ.

ಹುಲ್ಲಿನ ಮೇಲೆ ತಟ್ಟೆಯನ್ನು ಇಳಿಬಿಟ್ಟು ಅದು ನಿಂತ ಎತ್ತರವನ್ನು ಓದುವ ತಟ್ಟೆಮಾಪಕ ನ್ಯೂಜಿಲೆಂಡಿನಂತಹ ಸಮನಾದ ಹುಲ್ಲಿಗೆ ಹೇಳಿಸಿದ್ದು. ನಮ್ಮಲ್ಲಿ ಹುಲ್ಲು ಗೊಂಚಲು ಗೊಂಚಲಾಗಿ ಬೆಳೆಯುತ್ತದೆ, ನಡುವೆ ಕಲ್ಲು. ತಂಗಡಿಯ ಒಂದು ಕಡ್ಡಿ ತಾಗಿದರೂ ತಟ್ಟೆ ಮೇಲೆಯೇ ನಿಲ್ಲುತ್ತದೆ. ನನಗೆ ಅದು ಉಪಯೋಗಕ್ಕೆ ಬರಲಿಲ್ಲ.

ಈ ವರ್ಷ ಪೊದೆಗಳ ನಕ್ಷೆ ಸಿದ್ಧವಿದೆ. ದಸರೆಯ ನಂತರ ಇಪ್ಪತ್ತು ಕಡೆ ಕುಯ್ದು ತೂಗುವುದು, ಹುಲ್ಲು ಹಸಿರಾಗಿರುವವರೆಗೆ ಐದು ದಿನಕ್ಕೊಮ್ಮೆ ಚಿತ್ರ ನೋಡುವುದು, ಹುಲ್ಲು ಮಾಗಿದ ಕ್ಷಣದಿಂದ ಚಿತ್ರವನ್ನು ಬದಿಗಿಟ್ಟು ವಾರಕ್ಕೊಮ್ಮೆ ಚೌಕಟ್ಟನ್ನೇ ಹಿಡಿಯುವುದು ಎಂದು ತೀರ್ಮಾನಿಸಿದ್ದೇನೆ. ಚೌಕಟ್ಟಿನ ಸರಾಸರಿ 20 ಗ್ರಾಂಗೆ ಇಳಿದ ದಿನ ಮಂದೆ ಭದ್ರಾ ಗದ್ದೆಗಳತ್ತ ಹೊರಡುತ್ತದೆ.