ಎಂಡಿಆರ್ ಟಿಬಿ ಮಾತ್ರೆ ನಡೆಯುವಾಗ ಚೂರ್ಣ, ಕಷಾಯ ಕೊಡುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಯಾರಿಗಾದರೂ ಎಂಡಿಆರ್ ಟಿಬಿಗೆ, ಅಂದರೆ ಮುಖ್ಯ ಮಾತ್ರೆಗಳಿಗೆ ಬಗ್ಗದ ಕ್ಷಯಕ್ಕೆ, ಚಿಕಿತ್ಸೆ ನಡೆಯುತ್ತಿದ್ದರೆ, ಡಾಕ್ಟರಿಗೆ ಹೇಳದೆ ಯಾವ ಹಳ್ಳಿಮದ್ದನ್ನೂ ಕೊಡಬೇಡಿ. ನಮ್ಮ ಮಾವನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಮಾವ ಇರುವುದು ಉಡುಪಿಯಲ್ಲಿ. ಟಿಬಿಯ ಮುಖ್ಯ ಮಾತ್ರೆಗಳಾದ ರಿಫಾಂಪಿಸಿನ್, ಐಸೋನಿಯಾಜಿಡ್ ಎರಡಕ್ಕೂ ಬಗ್ಗದ ಟಿಬಿ. ಬೆಡಾಕ್ವಿಲಿನ್, ಲಿನೆಝೋಲಿಡ್, ಕ್ಲೋಫಾಜಿಮಿನ್, ಲೆವೊಫ್ಲೋಕ್ಸಾಸಿನ್ ಹೀಗೆ 18ರಿಂದ 20 ತಿಂಗಳ ಕೋರ್ಸ್. ಮಾತ್ರೆಯೆಲ್ಲ ಸರ್ಕಾರದಿಂದ ಉಚಿತ. ಕಫದ ವರದಿ ಚೆನ್ನಾಗಿಯೇ ಬಂದಿತ್ತು. ಆದರೆ ಹೊಟ್ಟೆ ತೊಳಸುತ್ತಿತ್ತು, ಊಟ ಸೇರುತ್ತಿರಲಿಲ್ಲ. ಪರಿಚಯದವರೊಬ್ಬರು ಮದ್ದು ಕೊಡುವವರ ಹತ್ತಿರ ಕರೆದುಕೊಂಡು ಹೋದರು. "ಬರೀ ಗಿಡಮೂಲಿಕೆ ಮಾರಾಯ್ರೇ, ಇಂಗ್ಲಿಷ್ ಮದ್ದಿನ ಉಷ್ಣ ಇಳಿಯುತ್ತದೆ" ಅಂದರಂತೆ ಅವರು. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಕುಡಿದು ಬೆಳೆದ ಊರು ನಮ್ಮದು. ಮಾವ ನಂಬಿದರು.

ಕೆಲವು ವಾರಗಳಲ್ಲಿ ಕಾಲು ಸೋಲತೊಡಗಿತು, ಎದೆ ಡವಡವ. ಒಂದು ಬೆಳಿಗ್ಗೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಪೊಟ್ಯಾಸಿಯಂ ತೀರಾ ಕಡಿಮೆ, ಇಸಿಜಿಯಲ್ಲಿ ಏರುಪೇರು. ಅತ್ತೆ ಪೊಟ್ಟಣ ತಂದು ತೋರಿಸಿದರು. ಅದರ ಮೇಲೆ ಒಂದಕ್ಷರವೂ ಇಲ್ಲ! ಕಾಯಿಲೆಯವರ ಕೈಗೆ ಹೆಸರಿಲ್ಲದ ಪುಡಿ ಕೊಡುವುದು ದೊಡ್ಡ ಅನ್ಯಾಯ. ಫೋನ್ ಮಾಡಿ ಒತ್ತಾಯಿಸಿದ ಮೇಲೆ ಮದ್ದು ಕೊಟ್ಟವರು ಹೇಳಿದರು: ಅತಿಮಧುರ ಜಾಸ್ತಿ, ಜೊತೆಗೆ ಲೋಹ ಭಸ್ಮ, ಅಂದರೆ ಕಬ್ಬಿಣದ ಭಸ್ಮ.

ಡಾಕ್ಟರ್ ಬಿಡಿಸಿ ಹೇಳಿದರು. ಅತಿಮಧುರವನ್ನು ಜಾಸ್ತಿ ದಿನ ತಿಂದರೆ ದೇಹದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಬೆಡಾಕ್ವಿಲಿನ್, ಕ್ಲೋಫಾಜಿಮಿನ್, ಲೆವೊಫ್ಲೋಕ್ಸಾಸಿನ್ ಮೊದಲೇ ಹೃದಯದ ಬಡಿತದ ಮೇಲೆ ಪರಿಣಾಮ ಮಾಡುವಂಥವು. ಅದಕ್ಕೇ ಆಗಾಗ ಇಸಿಜಿ ಮಾಡಿಸುವುದು. ಪೊಟ್ಯಾಸಿಯಂ ಕೂಡ ಇಳಿದರೆ ಬಡಿತ ಹಳಿ ತಪ್ಪಿ ಜೀವವೇ ಹೋಗಬಹುದು. ಇನ್ನು ಭಸ್ಮದ ಕಬ್ಬಿಣ ಹೊಟ್ಟೆಯಲ್ಲೇ ಲೆವೊಫ್ಲೋಕ್ಸಾಸಿನ್‌ಗೆ ಅಂಟಿಕೊಂಡು, ಅದು ರಕ್ತಕ್ಕೆ ಸರಿಯಾಗಿ ಸೇರದಂತೆ ಮಾಡುತ್ತದೆ. ಅಂದರೆ ನುಂಗಿದ ಮಾತ್ರೆಯೂ ಅರ್ಧ ವ್ಯರ್ಥ, ಅಲ್ವಾ?

ಬೆಡಾಕ್ವಿಲಿನ್ ನಿಲ್ಲಿಸಿದರೂ ತಿಂಗಳುಗಟ್ಟಲೆ ದೇಹದಲ್ಲಿ ಉಳಿಯುತ್ತದಂತೆ. ಹಾಗಾಗಿ ಮಾವನನ್ನು ಮಾನಿಟರ್ ಹಾಕಿ ಮಲಗಿಸಿದ್ದರು. ಟಿಬಿ ಮಾತ್ರೆಗಳನ್ನೂ ಕೆಲವು ದಿನ ತಡೆಯಬೇಕಾಯಿತು. ಈ ಕಾಯಿಲೆಯಲ್ಲಿ ಮಾತ್ರೆ ತಪ್ಪಿದರೆ ರೋಗಾಣು ಮತ್ತೆ ಬಲಿಯಬಹುದು. ನಮಗೆ ಅದೇ ಹೆಚ್ಚು ಭಯವಾಗಿತ್ತು. ಈಗ ಮತ್ತೆ ಶುರು ಮಾಡಿದ್ದಾರೆ.

ಈಗಾಗಲೇ ಹಳ್ಳಿಮದ್ದು ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಿ, ಟಿಬಿ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಪೊಟ್ಟಣ, ಬಾಟಲಿ ಸಮೇತ ಡಾಕ್ಟರ ಬಳಿ ಹೋಗಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಎದೆ ಡವಡವ, ತಲೆಸುತ್ತು, ಕಣ್ಣು ಹಳದಿ ಕಂಡರೆ ಅದೇ ದಿನ ಹೋಗಿ.