ಕೊಲಂಬಿಯಾನಾ, ಬೋಡಿನಾ? ಕ್ಯಾಲಿಫೋರ್ನಿಯಾದ ಎರಡು ಚಿನ್ನದ ಊರುಗಳು

ಎರಡನ್ನೂ ಸುತ್ತಿದ್ದೇನೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕೊಲಂಬಿಯಾ ಸುಲಭ. ಆದರೆ ಒಂದೇ ಊರು ನೋಡೋಕಾಗೋದು ಅಂದರೆ ನನ್ನ ಆಯ್ಕೆ ಬೋಡಿ.

ಕೊಲಂಬಿಯಾ 1850ರಲ್ಲಿ ಚಿನ್ನ ಸಿಕ್ಕಿ ಎದ್ದ ಊರು. ಬೆಂಕಿಗೆ ಮತ್ತೆ ಮತ್ತೆ ಸುಟ್ಟ ಮೇಲೆ ಇಟ್ಟಿಗೆಯಲ್ಲಿ ಕಟ್ಟಿ, ಕಬ್ಬಿಣದ ಕದ ಹಾಕಿದರು. ಆ ಕದಗಳು ಈಗಲೂ ಇವೆ. ಪ್ರವೇಶಕ್ಕೆ ಟಿಕೆಟ್ ಇಲ್ಲ, ಮುಖ್ಯ ಬೀದಿಗೆ ಕಾರು ಬಿಡುವುದಿಲ್ಲ. ಕುದುರೆ ಗಾಡಿ, ಕಮ್ಮಾರನ ಕುಲುಮೆ, ಮಿಠಾಯಿ ಅಂಗಡಿ ಎಲ್ಲ ಉಂಟು. ದುಡ್ಡು ಕೊಟ್ಟರೆ ತೊಟ್ಟಿಯಲ್ಲಿ ಚಿನ್ನ ಜಾಲಿಸಬಹುದು. ತಟ್ಟೆಯನ್ನು ನೀರಲ್ಲಿ ಮೆಲ್ಲಗೆ ತಿರುಗಿಸುತ್ತಾ ಹೋದರೆ ಹಗುರ ಮರಳು ಹರಿದು ಹೋಗಿ, ಕೊನೆಗೆ ಕಪ್ಪು ಮರಳಿನ ಅಂಚಲ್ಲಿ ಹಳದಿ ಚುಕ್ಕೆ ಉಳಿಯುತ್ತದೆ. ನಮಗೆ ಅಕ್ಕಿ ಗಾಳಿಸಿ ಅಭ್ಯಾಸ, ಕೈ ಬೇಗ ಕೂರುತ್ತದೆ! ಊರಂಚಿನ ಸುಣ್ಣಕಲ್ಲಿನ ಬಂಡೆಗಳನ್ನು ಮಾತ್ರ ತಪ್ಪಿಸಬೇಡಿ. ಅವು ಮಣ್ಣಲ್ಲಿ ಹೂತಿದ್ದವು. ಚಿನ್ನಕ್ಕಾಗಿ ಮಣ್ಣನ್ನೆಲ್ಲ ತೊಳೆದು ಸಾಗಿಸಿದ್ದಕ್ಕೆ ಹೊರಬಿದ್ದಿವೆ.

ಜನ ಬಿಟ್ಟುಹೋಗಿ ಖಾಲಿ ಉಳಿದ ಬೋಡಿ ಸಿಯೆರಾ ಬೆಟ್ಟಗಳ ಆಚೆ, 8,375 ಅಡಿ ಎತ್ತರದಲ್ಲಿದೆ. ಕೊನೆಯ 3 ಮೈಲಿ ಮಣ್ಣುರಸ್ತೆ. ಟಿಕೆಟ್ ಇದೆ, ತಿನ್ನೋಕೆ ಏನೂ ಸಿಗುವುದಿಲ್ಲ, ನೆರಳೂ ಇಲ್ಲ. ಬುತ್ತಿ, ನೀರು, ಸ್ವೆಟರ್ ಬೇಕೇ ಬೇಕು. ಇಲ್ಲಿನ ಮರದ ಮನೆಗಳಿಗೆ ಹೊಸ ಬಣ್ಣ ಬಳಿಯುವುದಿಲ್ಲ, ಬೀಳದಂತೆ ಆಸರೆ ಕೊಡುತ್ತಾರೆ ಅಷ್ಟೇ. ಕಿಟಕಿ ಗಾಜಿಗೆ ಮುಖ ಒತ್ತಿ ಇಣುಕಿದರೆ ಅಂಗಡಿಯ ಕಪಾಟಲ್ಲಿ ಧೂಳು ಹಿಡಿದ ಡಬ್ಬಗಳು, ಶಾಲೆಯಲ್ಲಿ ಮೇಜುಗಳು, ಒಂದು ಗ್ಲೋಬ್, ಕಿತ್ತು ಜೋತಾಡುವ ಗೋಡೆ ಕಾಗದ. ಕೊಲಂಬಿಯಾದಲ್ಲಿ ವೇಷ ಹಾಕಿದವರು ಹಳೆಯ ಕಾಲವನ್ನು ತೋರಿಸುತ್ತಾರೆ. ಬೋಡಿಯಲ್ಲಿ ಅದನ್ನು ನಾವೇ ಹುಡುಕಿಕೊಳ್ಳಬೇಕು. ನನಗೆ ಹಿಡಿಸಿದ್ದೇ ಅದು.

ಇನ್ನೊಂದು ಕಾರಣ ಅಲ್ಲಿನ ಅದಿರು ಕುಟ್ಟುವ ಗಿರಣಿ. ಗಿರಣಿಯ ಉಗಿಯಂತ್ರಕ್ಕೆ ಸೌದೆ ಬಲು ದುಬಾರಿ ಆಗಿದ್ದರಿಂದ 1890ರ ದಶಕದ ಆರಂಭದಲ್ಲೇ 13 ಮೈಲಿ ದೂರದ ಹಳ್ಳದ ನೀರಿಂದ ಕರೆಂಟ್ ಮಾಡಿ ತಂತಿಯಲ್ಲಿ ಇಲ್ಲಿಗೆ ತಂದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್ ಗಣಿಗೆ ಕರೆಂಟ್ ಕೊಟ್ಟಿದ್ದು ನೆನಪಿದೆ ಅಲ್ವಾ? ಆ ಗಿರಣಿಯ ಮುಂದೆ ನಿಂತಾಗ ನಿಜಕ್ಕೂ ಮೈ ಜುಮ್ಮೆಂದಿತು.

ಚಳಿಗಾಲದಲ್ಲಿ ಹಿಮ ಬಿದ್ದು ಬೋಡಿಯ ರಸ್ತೆ ಮುಚ್ಚುತ್ತದೆ. ಬೇಸಿಗೆಯಲ್ಲಿ, ಸಿಯೆರಾ ದಾಟುವ ಟಯೋಗಾ ಪಾಸ್ ಎಂಬ ಘಾಟಿ ರಸ್ತೆ ತೆರೆದ ಮೇಲೆ ಹೋದರೆ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ದಾಟಿಕೊಂಡೇ ಬರಬಹುದು. ಪೆಟ್ರೋಲನ್ನು ಆ ದಾರಿಯಲ್ಲಿ ಸಿಗುವ ಲೀ ವೈನಿಂಗ್ ಊರಲ್ಲೇ ತುಂಬಿಸಿಕೊಳ್ಳಿ.