997 ಮತ್ತು 991: ಎರಡು ಪೀಳಿಗೆಯ ಪೋರ್ಷೆ 911ಗಳೊಡನೆ ಹತ್ತು ವರ್ಷ

2015ರ ವಸಂತದಲ್ಲಿ ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನನ್ನ ಮೊದಲ ಪೋರ್ಷೆ 911 ಸ್ಪೋರ್ಟ್ಸ್ ಕಾರು ಕೊಂಡೆ. ಅದು 2009ರ ಕರೆರಾ ಎಸ್ ಎಂಬ ಮಾದರಿ, 997 ಎಂದು ಕರೆಯುವ ಪೀಳಿಗೆಯದು, ಆರು ಗೇರುಗಳ ಮ್ಯಾನ್ಯುವಲ್. 2018ರಲ್ಲಿ ಅದನ್ನು ಮಾರಿ ಮುಂದಿನ ಪೀಳಿಗೆಯ, ಅಂದರೆ 991ರ, 2012ನೇ ಇಸವಿಯ ಕರೆರಾ ಎಸ್ ತೆಗೆದುಕೊಂಡೆ. ಅದು ಏಳು ಗೇರಿನ ಮ್ಯಾನ್ಯುವಲ್. ನಾಲ್ಕು ವರ್ಷ ಅದನ್ನು ಸಂತೋಷದಿಂದಲೇ ಓಡಿಸಿ, 2022ರಲ್ಲಿ ಅದನ್ನೂ ಮಾರಿ ಮತ್ತೆ 997ಕ್ಕೆ ಮರಳಿದೆ. ಈಗ ನನ್ನ ಬಳಿ ಇರುವುದು 2010ರದು. ಮೂರರಲ್ಲೂ ಸೇರಿ ಒಂದು ಲಕ್ಷ ಕಿಲೋಮೀಟರಿಗಿಂತ ಹೆಚ್ಚು ಓಡಿಸಿದ್ದೇನೆ. ಹೊಸದನ್ನು ಬಿಟ್ಟು ಹಳೆಯದಕ್ಕೆ ಏಕೆ ಹೋದೆ ಎಂದು ಊರಿನ ಗೆಳೆಯರು ಪದೇ ಪದೇ ಕೇಳುವುದರಿಂದ, ಈ ಎರಡರ ನಡುವೆ ಆಯ್ಕೆಗೆ ನಿಂತವರಿಗೆ ಉಪಯೋಗವಾಗಲೆಂದು ವಿವರವಾಗಿ ಬರೆಯುತ್ತಿದ್ದೇನೆ.

ಕಾಗದದ ಮೇಲಿನ ಲೆಕ್ಕವನ್ನು ಮೊದಲು ಮುಗಿಸಿಬಿಡುತ್ತೇನೆ. ನಾನು ಓಡಿಸಿದ ಎರಡೂ ಪೀಳಿಗೆಯ ಕಾರುಗಳಿಗೆ ಹಿಂಬದಿಯಲ್ಲಿ ಟರ್ಬೊ ಇಲ್ಲದ 3.8 ಲೀಟರಿನ ಆರು ಸಿಲಿಂಡರಿನ ಎಂಜಿನ್. 997ರದು 385 ಅಶ್ವಶಕ್ತಿ, 991ರದು 400. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಮ್ಯಾನ್ಯುವಲ್ ಗೇರಿನಲ್ಲಿ 997ಕ್ಕೆ 4.7 ಸೆಕೆಂಡು, 991ಕ್ಕೆ 4.5. ಈ ಅಂತರವನ್ನು ನೋಡಿ ಯಾರೂ ತೀರ್ಮಾನ ಮಾಡಬೇಕಾಗಿಲ್ಲ. ನಿಜವಾದ ವ್ಯತ್ಯಾಸವಿರುವುದು ಬೇರೆ ಎರಡು ಕಡೆ. 2011ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಹೊರಬಂದ 991ರಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2350 ಮಿಲಿಮೀಟರಿನಿಂದ 2450ಕ್ಕೆ ಏರಿತು. ಜೊತೆಗೆ, ಅಲ್ಲಿಯವರೆಗೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತಿದ್ದ ಪವರ್ ಸ್ಟಿಯರಿಂಗ್ ಹೋಗಿ ವಿದ್ಯುತ್ ಮೋಟಾರಿನದು ಬಂತು. ನನ್ನ ಇಡೀ ಅನುಭವ ಈ ಎರಡು ಬದಲಾವಣೆಗಳ ಸುತ್ತಲೇ ಇದೆ.

ಸ್ಟಿಯರಿಂಗಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ ಬಾಡ್ ಉರಾಖ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಂದ ಸ್ವಾಬಿಯನ್ ಆಲ್ಬ್ ಎಂಬ ಸುಣ್ಣಕಲ್ಲಿನ ಎತ್ತರದ ಬಯಲಿಗೆ ಕಾಡಿನ ನಡುವೆ ಸುತ್ತಿ ಸುತ್ತಿ ಏರುವ ರಸ್ತೆಗಳು, ನಮ್ಮ ಚಾರ್ಮಾಡಿ ಘಾಟಿಯಷ್ಟು ಕಡಿದಾಗಿಲ್ಲದಿದ್ದರೂ, ಇಂಥ ಕಾರಿಗೆಂದೇ ಹೇಳಿ ಮಾಡಿಸಿದಂತಿವೆ. ಬೆಳಗಿನ ಹೊತ್ತು ಮರದ ನೆರಳಿನಲ್ಲಿ ರಸ್ತೆ ಇನ್ನೂ ಒದ್ದೆಯಾಗಿರುವಾಗ 997ರಲ್ಲಿ ಆ ತಿರುವುಗಳಿಗೆ ಇಳಿದರೆ, ಡಾಂಬರಿನ ಹಳೆಯ ತೇಪೆಯೊಂದರ ಮೇಲೆ ಎಡಗಡೆಯ ಚಕ್ರ ಹತ್ತಿದ್ದು ಎಡಗೈಗೆ ಮೊದಲು ತಿಳಿಯುತ್ತದೆ. ಒದ್ದೆಯ ಜಾಗಕ್ಕೆ ಬಂದೊಡನೆ ಸ್ಟಿಯರಿಂಗಿನ ಭಾರ ಕೂದಲೆಳೆಯಷ್ಟು ಇಳಿಯುತ್ತದೆ, ಒಣ ಜಾಗಕ್ಕೆ ಬಂದೊಡನೆ ಮತ್ತೆ ಏರುತ್ತದೆ. ಹಿಡಿತ ಎಷ್ಟು ಉಳಿದಿದೆ ಎಂಬುದನ್ನು ಗಂಟೆಗೆ ಅರವತ್ತು ಕಿಲೋಮೀಟರಿನಲ್ಲೇ ಕೈಯಿಂದ ಓದಬಹುದು. 991ರಲ್ಲಿ ಅದೇ ತಿರುವು ಇನ್ನೂ ಸಲೀಸಾಗಿ, ಇನ್ನೂ ನಿಖರವಾಗಿ ಮುಗಿಯುತ್ತದೆ. ಮೂಗು ನೀವು ತೋರಿಸಿದ ಕಡೆಗೇ ಹೋಗುತ್ತದೆ. ಆದರೆ ತೇಪೆಯೂ ಒದ್ದೆಯೂ ಕೈಗೆ ಬರುವಷ್ಟರಲ್ಲಿ ಸೋಸಿಹೋಗಿರುತ್ತವೆ. ಮೋಟಾರು ಬೇಕಾದಾಗ ಮಾತ್ರ ಕೆಲಸ ಮಾಡುವುದರಿಂದ ಪೆಟ್ರೋಲು ಉಳಿಯುತ್ತದೆ ಎಂಬುದು ನಿಜ, ಮತ್ತು ಬೇರೆ ಕಾರುಗಳ ವಿದ್ಯುತ್ ಸ್ಟಿಯರಿಂಗಿಗೆ ಹೋಲಿಸಿದರೆ 991ರದು ಬಹಳ ಒಳ್ಳೆಯದು. ಮೊದಲ ಎರಡು ವರ್ಷ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಮೂರನೆಯ ವರ್ಷದಲ್ಲಿ, ಭಾನುವಾರ ಬೆಳಿಗ್ಗೆ ಕಾರು ತೆಗೆದುಕೊಂಡು ಹೋಗುವುದು ಕಡಿಮೆಯಾಗಿದೆ ಎಂಬುದನ್ನು ಗಮನಿಸಿದೆ.

ಅದಕ್ಕೆ ಕಾರಣವನ್ನು ಹುಡುಕುತ್ತಾ ಹೋದಾಗ ನನಗೆ ಹೊಳೆದದ್ದು ಇದು. 991 ತನ್ನ ಪೂರ್ತಿ ಸೊಗಸನ್ನು ತೋರಿಸಲು ವೇಗ ಬೇಕು. ಜರ್ಮನಿಯಲ್ಲಿ ಕೂಡ ಊರ ಹೊರಗಿನ ಸಾಮಾನ್ಯ ರಸ್ತೆಗಳಿಗೆ ನೂರು ಕಿಲೋಮೀಟರಿನ ಮಿತಿಯಿದೆ, ತಿರುವಿನ ರಸ್ತೆಗಳಲ್ಲಿ ಅದು ಇನ್ನೂ ಕಡಿಮೆ. ಆ ಮಿತಿಯೊಳಗೆ 997 ಎಚ್ಚರವಾಗಿರುತ್ತದೆ. 991 ಇನ್ನೂ ಅರ್ಧ ನಿದ್ದೆಯಲ್ಲಿರುತ್ತದೆ.

ಹೆದ್ದಾರಿಗೆ ಇಳಿದರೆ ಲೆಕ್ಕ ತಿರುಗುತ್ತದೆ, ಅದನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಸ್ಟುಟ್‌ಗಾರ್ಟ್‌ನಿಂದ ಉಲ್ಮ್ ದಾಟಿ ಮ್ಯೂನಿಕ್‌ಗೆ ಹೋಗುವ ಎ8 ಹೆದ್ದಾರಿಯಲ್ಲಿ, ಮಿತಿಯಿಲ್ಲದ ಭಾಗಗಳಲ್ಲಿ ಇನ್ನೂರರ ಮೇಲೆ ಹೋಗುವಾಗ, ಚಕ್ರಗಳ ನಡುವೆ ಸೇರಿದ ಆ ನೂರು ಮಿಲಿಮೀಟರು ಏನೆಂಬುದು ಗೊತ್ತಾಗುತ್ತದೆ. ಅಡ್ಡಗಾಳಿ ಬೀಸಿದಾಗ 997ರ ಮುಂಭಾಗ ಸಣ್ಣಗೆ ಅಲುಗುತ್ತದೆ, ಎರಡೂ ಕೈ ಸ್ಟಿಯರಿಂಗಿನ ಮೇಲಿರಲೇಬೇಕು. 991 ಹಳಿಯ ಮೇಲೆ ಹೋದಂತೆ ಹೋಗುತ್ತದೆ, ಒಳಗೆ ಸದ್ದೂ ಕಡಿಮೆ. ಪೆಟ್ರೋಲು ಕೂಡ ನನ್ನ ಲೆಕ್ಕದ ಪುಸ್ತಕದ ಪ್ರಕಾರ 100 ಕಿಲೋಮೀಟರಿಗೆ 997ಕ್ಕೆ ಸರಾಸರಿ ಹನ್ನೊಂದೂವರೆ ಲೀಟರು, 991ಕ್ಕೆ ಹತ್ತು. ಹಾಸನದಿಂದ ಅಪ್ಪ 2019ರಲ್ಲಿ ಬಂದಾಗ 991ರಲ್ಲಿ ಮ್ಯೂನಿಕ್‌ಗೆ ಕರೆದುಕೊಂಡು ಹೋಗಿದ್ದೆ, ದಾರಿಯುದ್ದಕ್ಕೂ ನಿದ್ದೆ ಮಾಡಿದ್ದರು. 2023ರಲ್ಲಿ ಮತ್ತೆ ಬಂದಾಗ ಅದೇ ದಾರಿಯಲ್ಲಿ 997ರಲ್ಲಿ ಹೋದೆವು. ಉಲ್ಮ್ ಬಳಿ ಇಳಿದು ಕಾಲು ಚಾಚಿಕೊಂಡು, “ಹೋದ ಸಲದ ಕಾರೇ ವಾಸಿಯಿತ್ತು ಕಣೋ, ಇದರಲ್ಲಿ ಸೊಂಟ ಹಿಡ್ಕೊಳ್ಳುತ್ತೆ” ಎಂದರು. ಪ್ರಯಾಣಿಕರ ಪಾಲಿಗೆ ಅಪ್ಪನ ಮಾತೇ ಸರಿ. ಕುಟುಂಬದವರನ್ನು ಕೂರಿಸಿಕೊಂಡು ದೂರ ಹೋಗುವುದೇ ಮುಖ್ಯ ಉಪಯೋಗವಾಗಿದ್ದರೆ ಯೋಚಿಸದೆ 991 ತೆಗೆದುಕೊಳ್ಳಿ.

ಒಳಗಿನ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. 991ರ ಒಳಾಂಗಣ ಹೆಚ್ಚು ಸಿರಿವಂತವಾಗಿದೆ, 997ರದು ಸರಳವಾಗಿದೆ. 991ರ ಏಳನೆಯ ಗೇರಿಗೆ ಐದು ಅಥವಾ ಆರರಿಂದ ಮಾತ್ರ ಹೋಗಬಹುದು. ನಾಲ್ಕರಿಂದ ಏಳಕ್ಕೆ ತಪ್ಪಿ ಬೀಳದಂತೆ ಮಾಡಿದ ಏರ್ಪಾಡು ಅದು, ಆದರೂ ಆ ಗೇರ್ ಪೆಟ್ಟಿಗೆಗೆ 997ರ ಆರು ಗೇರುಗಳ ಅಚ್ಚುಕಟ್ಟು ಇಲ್ಲ. ಹ್ಯಾಂಡ್‌ಬ್ರೇಕು 997ರಲ್ಲಿ ಎಳೆಯುವ ಸಲಾಕೆ, 991ರಲ್ಲಿ ಒಂದು ಗುಂಡಿ.

997 ಎಂದಾಗ ಯಾವ ವರ್ಷದ್ದು ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. 2004ರಿಂದ 2008ರವರೆಗಿನ ಕರೆರಾಗಳಲ್ಲಿ ಹಳೆಯ ವಿನ್ಯಾಸದ ಎಂಜಿನ್ ಇದೆ. ಎಂಜಿನ್ನಿನ ತಿರುಗುವಿಕೆಯನ್ನು ಕವಾಟಗಳ ಕಡೆಗೆ ಒಯ್ಯುವ ಅದರ ಮಧ್ಯಂತರ ಶಾಫ್ಟಿನ ಬೇರಿಂಗು ಕೆಟ್ಟರೆ ಇಡೀ ಎಂಜಿನ್ನೇ ಹಾಳಾಗಬಹುದು, ಜೊತೆಗೆ 3.8 ಲೀಟರಿನವುಗಳಲ್ಲಿ ಸಿಲಿಂಡರಿನ ಒಳಗೋಡೆಗೆ ಗೀರು ಬೀಳುವ ಸಾಧ್ಯತೆ ಎಲ್ಲರಿಗೂ ತಿಳಿದ ವಿಷಯ. 2009ರ ಮಾದರಿಯಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. 2022ರಲ್ಲಿ ಮತ್ತೆ ಹುಡುಕುವಾಗ, ಕಡಿಮೆ ಬೆಲೆಯ ಆಸೆಗೆ 2006ರ ಒಂದು ಕಾರನ್ನು ನೋಡಲು ಹೋಗಿದ್ದೆ. ಬಣ್ಣ ಫಳಫಳ ಹೊಳೆಯುತ್ತಿತ್ತು, ಮಾರುವಾತ ಎಲ್ಲ ಸರ್ವಿಸೂ ಹೊತ್ತುಹೊತ್ತಿಗೆ ಆಗಿದೆ ಎಂದ. ಹೊಗೆಕೊಳವೆಗಳ ಒಳಗೆ ಬೆರಳಾಡಿಸಿದಾಗ ಒಂದು ಬದಿಯದು ಬೂದುಬಣ್ಣ, ಇನ್ನೊಂದು ಬದಿಯದು ಕಾಡಿಗೆಯಂತೆ ಕಪ್ಪು, ಜಿಡ್ಡು, ಅಂದರೆ ಆ ಬದಿಯಲ್ಲಿ ಎಣ್ಣೆ ಉರಿಯುತ್ತಿರುವ ಗುರುತು. ಸರ್ವಿಸ್ ಪುಸ್ತಕ ತಿರುವಿದರೆ ನಡುವೆ ನಾಲ್ಕು ವರ್ಷ ಎಣ್ಣೆ ಬದಲಾಯಿಸಿದ ಮುದ್ರೆಯೇ ಇರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ರಂಧ್ರದಿಂದ ಸಣ್ಣ ಕ್ಯಾಮೆರಾ ಇಳಿಸಿ ಒಳಗೋಡೆಗೆ ಗೀರು ಬಿದ್ದಿದೆಯೇ ಎಂದು ನೋಡಲು ನನ್ನ ಮೆಕ್ಯಾನಿಕ್‌ನನ್ನು ಕರೆತರುತ್ತೇನೆ ಎಂದೆ. ಆತ ಒಪ್ಪಲಿಲ್ಲ, ನಾನು ಮರಳಿ ಬಂದೆ. ಈ ಕ್ಯಾಮೆರಾ ಪರೀಕ್ಷೆಗೆ ಆಗುವ ಖರ್ಚು ಎಂಜಿನ್ ರಿಪೇರಿಯ ಮುಂದೆ ಏನೂ ಅಲ್ಲ. ಅದಕ್ಕೆ ಒಪ್ಪದವರಿಂದ ಯಾವ ಪೀಳಿಗೆಯ ಕಾರನ್ನೂ ಕೊಳ್ಳಬೇಡಿ.

ನಿರ್ವಹಣೆಯಲ್ಲಿ ಹಳೆಯ ಕಾರು ಹೆಚ್ಚು ಸಮಯ ಕೇಳುತ್ತದೆ, ಅದನ್ನು ಒಪ್ಪಿಕೊಂಡೇ ಕೊಳ್ಳಬೇಕು. ಎಂಜಿನ್ ಹಿಂದಿದ್ದರೂ ರೇಡಿಯೇಟರುಗಳೂ ಏಸಿಯ ಕಂಡೆನ್ಸರುಗಳೂ ಮುಂದಿನ ಮೂಲೆಗಳಲ್ಲಿವೆ. ಗಾಳಿ ಒಳಗೆ ಹೋಗುವ ಬಾಯಿಗಳಲ್ಲಿ ಎಲೆ, ಕಲ್ಲು, ಮಣ್ಣು ತುಂಬಿಕೊಂಡು ತೇವ ಹಿಡಿದು ಕಂಡೆನ್ಸರು ತುಕ್ಕು ಹಿಡಿಯುತ್ತದೆ. ಪ್ರತಿ ಶರತ್ಕಾಲದಲ್ಲಿ ನಾನು ಮುಂದಿನ ಬಂಪರ್ ಬಿಚ್ಚಿ, ಪದರ ಪದರವಾಗಿ ಒತ್ತಿಕೊಂಡು ಹುಳಿ ವಾಸನೆ ಬರುವ ಬೀಚ್ ಮರದ ಎಲೆಗಳನ್ನು ಕೈಯಲ್ಲೇ ಕೀಳುತ್ತೇನೆ. ಕಳೆದ ವರ್ಷ ಅರ್ಧ ಬಕೆಟ್ ಸಿಕ್ಕಿತು. 991ಕ್ಕೂ ಇದೇ ಗತಿ, ಆದರೆ ಅದು ವಯಸ್ಸಿನಲ್ಲಿ ಚಿಕ್ಕದು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕೆಳಭಾಗದ ಬೋಲ್ಟುಗಳನ್ನು ತಿನ್ನುವುದರಿಂದ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಸಿಂಧುವಾಗುವ ನಂಬರ್ ಪ್ಲೇಟು ಹಾಕಿಸಿದ್ದೇನೆ. ಉಳಿದ ತಿಂಗಳು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವಂತೆಯೂ ಇಲ್ಲ, ಆದರೆ ತೆರಿಗೆಯೂ ವಿಮೆಯೂ ಆ ಏಳು ತಿಂಗಳಿಗಷ್ಟೇ. 991 ಅನ್ನು ವರ್ಷಪೂರ್ತಿ ಓಡಿಸುತ್ತಿದ್ದೆ. ನಿತ್ಯದ ಕೆಲಸಕ್ಕೆ ಅದೇ ತಕ್ಕದ್ದು.

ಹಣದ ವಿಷಯ. ಹಳೆಯದೆಂದ ಮೇಲೆ ಅಗ್ಗ ಎಂಬ ಎಣಿಕೆ ಇಲ್ಲಿ ನಡೆಯುವುದಿಲ್ಲ. ನಾನು 991 ಮಾರಿದ ಬೆಲೆಗೂ 997 ಕೊಂಡ ಬೆಲೆಗೂ ಅಂತರ ಹನ್ನೊಂದು ಸಾವಿರ ಯೂರೋ ಮಾತ್ರ. ಮೊದಲ ಎರಡು ವರ್ಷಗಳಲ್ಲಿ ಟೈರು, ಕ್ಲಚ್ಚು, ನೀರಿನ ಪಂಪು, ಬ್ರೇಕ್ ಡಿಸ್ಕುಗಳಿಗೆಂದು ಅದರ ಮುಕ್ಕಾಲು ಪಾಲು ಹೋಯಿತು. ಬೆಂಗಳೂರಿಗೆ ಮರಳುವಾಗ ಒಯ್ಯಬಹುದಲ್ಲ ಎನ್ನುವವರಿಗೆ ಒಂದು ಮಾತು: ಭಾರತಕ್ಕೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ಇಲ್ಲಿನ 997 ಆಗಲಿ 991 ಆಗಲಿ ಈ ನಿಯಮಕ್ಕೆ ಒಗ್ಗುವುದಿಲ್ಲ. ಅಲ್ಲಿ ಬೇಕೆನ್ನುವವರು ಅಲ್ಲೇ ಮೊದಲು ನೋಂದಣಿಯಾದದ್ದನ್ನು ಹುಡುಕಬೇಕು, ಮತ್ತು ಎಂಜಿನ್ ಇಳಿಸಿ ಕೆಲಸ ಮಾಡಿದ ಅನುಭವವುಳ್ಳ ಮೆಕ್ಯಾನಿಕ್‌ನನ್ನು ಕಾರಿಗಿಂತ ಮುಂಚೆ ಹುಡುಕಬೇಕು.

ನೋಡಲು ಹೋದಾಗ ಎರಡನ್ನೂ ಒಂದೇ ದಿನ, ಒಂದೇ ರಸ್ತೆಯಲ್ಲಿ, ಎಂಜಿನ್ ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ ಓಡಿಸಿ ನೋಡಿ. ಹೆದ್ದಾರಿಯಲ್ಲಿ ಹತ್ತು ನಿಮಿಷ ಸಾಕು. ಉಳಿದ ಹೊತ್ತನ್ನೆಲ್ಲ ತಿರುವಿನ ಸಣ್ಣ ರಸ್ತೆಯಲ್ಲಿ, ನಿಮ್ಮ ಎಂದಿನ ವೇಗದಲ್ಲಿ ಕಳೆಯಿರಿ, ರೇಡಿಯೋ ಆರಿಸಿ.